ಹೊಸದರಂತೇ ಉಳಿದ ಜಿಂಕ್

ಮೇ ತಿಂಗಳ ಕೊನೆಯ ವಾರ. ಗೋವಾದ ಬೆತಿಂನಲ್ಲಿ ಮಾಂಡೋವಿ ನದಿಯ ದಡದ ನಮ್ಮ ರಿಪೇರಿ ಶೆಡ್ಡಿಗೆ ಒಬ್ಬರು ತಮ್ಮ 40 ಹಾರ್ಸ್‌ಪವರ್ ಔಟ್‌ಬೋರ್ಡ್ ಇಂಜಿನ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಇಂಜಿನ್, ತಂದರು. ಮೂಲ ಗದಗದ ಕಡೆಯವರು, ಈಗ ಮನೆ ವಾಸ್ಕೋದ ಬೈನಾದಲ್ಲಿ. ಪ್ರವಾಸಿಗರಿಗೆ ಡಾಲ್ಫಿನ್ ತೋರಿಸುವ ದೋಣಿ ಅವರದು. "ಇಂಜಿನ್ ಬಿಸಿ ಆಗಾಕತ್ತೈತ್ರಿ ಅಣ್ಣಾರ, ನೀರು ಮೊದಲಿನಂಗ ಚಿಮ್ಮವಲ್ದು" ಅಂದರು. ಮಾತಾಡುತ್ತಲೇ ಪ್ರೊಪೆಲ್ಲರಿನ ಮೇಲುಗಡೆ ಇದ್ದ ಜಿಂಕ್, ಅಂದರೆ ಸತುವಿನ, ತುಂಡನ್ನು ತೋರಿಸಿದರು. "ಇದನ್ನ ನೋಡ್ರಿ. ಎರಡು ವರ್ಷ ಆತು, ಇನ್ನೂ ಹೊಸದು ಇದ್ದಂಗ ಐತಿ. ಛಲೋ ಮಾಲು."

ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಗೇರ್‌ಕೇಸಿನ (ಪ್ರೊಪೆಲ್ಲರ್ ತಿರುಗಿಸುವ ಗೇರುಗಳಿರುವ ಪೆಟ್ಟಿಗೆ) ಪಕ್ಕ, ಬಣ್ಣ ಉಬ್ಬಿದ್ದ ಒಂದು ಜಾಗದಲ್ಲಿ ಒತ್ತಿದೆ. ತುದಿ ಒಳಗೆ ಹೋಯಿತು. ಹೊರಗೆ ಬಂದದ್ದು ಒದ್ದೆ ಸುಣ್ಣದಂಥ ಬಿಳಿ ಪುಡಿ. ಒಂದು ಕಾಲದಲ್ಲಿ ಅದು ಅಲ್ಯೂಮಿನಿಯಂ ಆಗಿತ್ತು.

ಜಿಂಕ್ ಹೊಸದರಂತೆ ಇತ್ತಲ್ಲ, ಅದೇ ತೊಂದರೆ. ಹಿಂದಿನ ಸಲ ಇಂಜಿನ್ನಿನ ಕಾಲಿಗೆ, ಅಂದರೆ ನೀರಿಗಿಳಿಯುವ ಭಾಗಕ್ಕೆ, ಬಣ್ಣ ಹೊಡೆಸಿದಾಗ ಪೇಂಟರ್ ಆ ತುಂಡಿಗೂ ಚೆಂದವಾಗಿ ಬಣ್ಣ ಹೊಡೆದಿದ್ದ. ಬಣ್ಣ ಹೊದ್ದ ಜಿಂಕ್ ಸುಮ್ನೆ ಕೂತಿತ್ತು. ಅದು ತಿನ್ನಬೇಕಾಗಿದ್ದ ಪೆಟ್ಟನ್ನೆಲ್ಲ ಇಂಜಿನ್ನೇ ತಿಂದಿತು. ಇಂಥ ತುಂಡಿಗೆ ಆನೋಡ್ ಅನ್ನುತ್ತಾರೆ. ಸವೆಯದ ಆನೋಡ್ ಅಂದರೆ ಕೆಲಸ ಮಾಡದ ಆನೋಡ್. ಇದೊಂದು ಮಾತು ಅರ್ಥವಾದರೆ ಉಳಿದದ್ದೆಲ್ಲ ಸುಲಭ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಅಡುಗೆಮನೆಯಲ್ಲಿ ಶುರು ಮಾಡೋಣ. ಸ್ಟೀಲ್ ಪಾತ್ರೆಯಲ್ಲಿ ಉಪ್ಪಿನಕಾಯಿ ಹಾಕಿ, ಅದಕ್ಕೆ ತಾಗುವ ಹಾಗೆ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿ, ಅಂಚನ್ನು ಪಾತ್ರೆಗೆ ಒತ್ತಿ ಇಡಿ. ಕೆಲವು ದಿನ ಬಿಟ್ಟು ನೋಡಿದರೆ ಫಾಯಿಲ್ ತಾಗಿದ ಕಡೆಯೆಲ್ಲ ಸಣ್ಣ ಸಣ್ಣ ತೂತು ಬಿದ್ದಿರುತ್ತವೆ. ಗಾಜಿನ ಭರಣಿಗೆ ಅದೇ ಫಾಯಿಲ್ ಮುಚ್ಚಿದರೆ ಅಷ್ಟು ಬೇಗ ಹೀಗಾಗುವುದಿಲ್ಲ. ಹುಳಿ ಮತ್ತು ಉಪ್ಪು ಎರಡೂ ಕಡೆ ಒಂದೇ. ವ್ಯತ್ಯಾಸ ಸ್ಟೀಲ್‌ನದು. ಎರಡು ಬೇರೆ ಬೇರೆ ಲೋಹ ಒಂದಕ್ಕೊಂದು ತಾಗಿಕೊಂಡು, ಎರಡೂ ಒಂದೇ ಉಪ್ಪುನೀರಿನಲ್ಲಿ ನೆನೆದರೆ ಅಲ್ಲೊಂದು ಬ್ಯಾಟರಿ ಹುಟ್ಟುತ್ತದೆ. ಒಂದು ಲೋಹ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಕರಗುತ್ತದೆ. ಇನ್ನೊಂದು ಅದನ್ನು ಪಡೆದು ಸುರಕ್ಷಿತವಾಗಿ ಉಳಿಯುತ್ತದೆ. ಟಾರ್ಚಿನಲ್ಲಿ ಹಾಕುವ ಸಾದಾ ಸೆಲ್‌ನಲ್ಲೂ ಇದೇ ಆಟ. ಅದರ ಹೊರಗಿನ ಡಬ್ಬಿ ಸತುವಿನದು. ಬೆಳಕು ಕೊಡುತ್ತಾ ಕೊಡುತ್ತಾ ಸತು ಕರಗುತ್ತದೆ. ಹಳೇ ಸೆಲ್ ಟಾರ್ಚಿನೊಳಗೇ ಸೋರುವುದು ಹಾಗಾಗಿಯೇ.

ಈಗ ಔಟ್‌ಬೋರ್ಡ್ ಇಂಜಿನ್ನನ್ನು ಹಾಗೆ ನೋಡಿ. ನೀರಿಗಿಳಿಯುವ ಕಾಲು, ಗೇರ್‌ಕೇಸ್, ದೋಣಿಗೆ ಹಿಡಿದುಕೊಳ್ಳುವ ಬ್ರಾಕೆಟ್, ಎಲ್ಲ ಅಲ್ಯೂಮಿನಿಯಂ ಎರಕ. ಪ್ರೊಪೆಲ್ಲರ್ ಶಾಫ್ಟ್ ಸ್ಟೇನ್‌ಲೆಸ್ ಸ್ಟೀಲ್. ಬೋಲ್ಟುಗಳೂ ಸ್ಟೇನ್‌ಲೆಸ್. ಕೆಲವರ ಪ್ರೊಪೆಲ್ಲರ್ ಕೂಡ. ಸುತ್ತ ಸಮುದ್ರದ ನೀರು, ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಉಪ್ಪಿನಕಾಯಿ ಪಾತ್ರೆಯೇ ಅದು, ಆಕಾರ ಬೇರೆ ಅಷ್ಟೇ.

ಯಾವ ಲೋಹ ಕರಗಬೇಕು, ಯಾವುದು ಉಳಿಯಬೇಕು ಅನ್ನುವುದಕ್ಕೆ ಒಂದು ಸಾಲು ಇದೆ. ಸಮುದ್ರದ ನೀರಿನಲ್ಲಿ ಒಂದೊಂದು ಲೋಹದ ವೋಲ್ಟೇಜ್ ಅಳೆದು ಮಾಡಿದ ಸಾಲು. ಬೆಳ್ಳಿ ಮತ್ತು ಬೆಳ್ಳಿ ಕ್ಲೋರೈಡಿನ ಅಳತೆಕಡ್ಡಿಗೆ ಹೋಲಿಸಿ ನೋಡಿದರೆ ಮೆಗ್ನೀಸಿಯಂ ಸುಮಾರು ಮೈನಸ್ 1.6 ವೋಲ್ಟ್. ಆನೋಡಿಗಾಗಿಯೇ ಮಾಡಿದ ಅಲ್ಯೂಮಿನಿಯಂ ಮಿಶ್ರಲೋಹ ಮೈನಸ್ 1.1. ಸತು ಮೈನಸ್ 1.0ರ ಹತ್ತಿರ. ಇಂಜಿನ್ ಕಾಲಿನ ಅಲ್ಯೂಮಿನಿಯಂ ಮೈನಸ್ 0.75ರ ಆಸುಪಾಸು. ಸಾದಾ ಉಕ್ಕು ಮೈನಸ್ 0.6. ಹಿತ್ತಾಳೆ ಮೈನಸ್ 0.3. ಒಳ್ಳೆ ಸ್ಟೇನ್‌ಲೆಸ್ ಸ್ಟೀಲ್ ಬಹುತೇಕ ಸೊನ್ನೆ. ಮೈನಸ್ ಜಾಸ್ತಿ ಇದ್ದಷ್ಟೂ ಆ ಲೋಹ ಕೊಡುಗೈ. ಇಬ್ಬರು ಜೊತೆಯಾದರೆ ಯಾವಾಗಲೂ ಹೆಚ್ಚು ಮೈನಸ್ ಇರುವವನೇ ಕರಗುತ್ತಾನೆ.

ಕಾಲು ಮತ್ತು ಸ್ಟೇನ್‌ಲೆಸ್ ಶಾಫ್ಟ್ ಎರಡೇ ಇದ್ದರೆ ಕಾಲು ಕರಗುತ್ತದೆ. ಅಲ್ಲಿಗೆ ಸತುವಿನ ತುಂಡೊಂದನ್ನು ಬೋಲ್ಟ್ ಹಾಕಿ ಸೇರಿಸಿದರೆ ಕಾಲಿಗಿಂತ ಕೊಡುಗೈ ಆದವನು ಬಂದ ಹಾಗಾಯಿತು. ಈಗ ಎಲೆಕ್ಟ್ರಾನ್ ಅವನೇ ಕೊಡುತ್ತಾನೆ. ಕಾಲು ಉಳಿಯುತ್ತದೆ. ಹೀಗೆ ತಾನು ಕರಗಿ ಪಕ್ಕದವನನ್ನು ಉಳಿಸುವ ತುಂಡೇ ಬಲಿ ಆನೋಡ್. ದೋಣಿ ಕಟ್ಟುವ ದಕ್ಕೆಯಲ್ಲಿ ಅದು ಯಾವ ಲೋಹದ್ದೇ ಆಗಿರಲಿ, ಎಲ್ಲರ ಬಾಯಲ್ಲೂ 'ಜಿಂಕ್'.

ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ಅಂತ ಬಹಳ ಜನ ನಂಬಿದ್ದಾರೆ. ಅಡುಗೆ ಪಾತ್ರೆ ನೋಡಿ ಬಂದ ನಂಬಿಕೆ ಅದು, ತಪ್ಪೇನೂ ಅಲ್ಲ. ಗಾಳಿ ತಾಗಿದ ತಕ್ಷಣ ಅಲ್ಯೂಮಿನಿಯಂ ಮೇಲೆ ತೆಳ್ಳನೆಯ ಆಕ್ಸೈಡ್ ಪೊರೆ ಕೂರುತ್ತದೆ, ಆ ಪೊರೆಯೇ ಕಾಪಾಡುತ್ತದೆ. ಆದರೆ ಉಪ್ಪಿನಲ್ಲಿರುವ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಒಡೆಯುತ್ತದೆ. ಒಡೆದ ಕಡೆ ಚುಕ್ಕೆಯಂಥ ಗುಳಿ ಬೀಳುತ್ತದೆ. ಗುಳಿ ಅಗಲವಾಗದೆ ಆಳಕ್ಕೆ ಹೋಗುತ್ತದೆ. ಮೇಲಿನ ಬಣ್ಣ ಸ್ವಲ್ಪ ಉಬ್ಬಿದ್ದು ಬಿಟ್ಟರೆ ಹೊರಗೆ ಏನೂ ಕಾಣುವುದಿಲ್ಲ. ಕೆಂಪು ತುಕ್ಕು ಕಂಡರೆ ಜನ ಗಾಬರಿಯಾಗುತ್ತಾರೆ, ಬಿಳಿ ಪುಡಿ ಕಂಡರೆ ಉಪ್ಪು ಅಂದುಕೊಂಡು ಒರೆಸಿಬಿಡುತ್ತಾರೆ. ನನಗೆ ನಿಜವಾಗಿ ಸಂಕಟ ಆಗುವುದು ಅಲ್ಲೇ. ಸಾಲ ಮಾಡಿ ತಂದ ಇಂಜಿನ್, ಒರೆಸುವ ಬಟ್ಟೆಯಲ್ಲಿ ಚೂರು ಚೂರೇ ಹೋಗುತ್ತಿರುತ್ತದೆ.

ಈ ಉಪಾಯ ಹೊಸದಲ್ಲ. 1824ರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಇದನ್ನು ಹಡಗುಗಳಿಗೆ ಹಾಕಿ ನೋಡಿದರು. ಆಗಿನ ಮರದ ಯುದ್ಧನೌಕೆಗಳ ತಳಕ್ಕೆ ತಾಮ್ರದ ತಗಡು ಹೊದಿಸುತ್ತಿದ್ದರು, ಮರ ಕೊರೆಯುವ ಹುಳು ಬರದಿರಲಿ ಅಂತ. ಆ ತಾಮ್ರ ಸಮುದ್ರದಲ್ಲಿ ಸವೆಯುತ್ತಿತ್ತು. ಡೇವಿ ತಾಮ್ರಕ್ಕೆ ಸತು ಅಥವಾ ಕಬ್ಬಿಣದ ತುಂಡು ಸೇರಿಸಿದರು. ಸವೆತ ನಿಂತಿತು. ಆದರೆ ಹಡಗಿನ ತಳಕ್ಕೆ ಚಿಪ್ಪು, ಪಾಚಿ ಎಲ್ಲ ಮೆತ್ತಿಕೊಂಡು ಹಡಗು ನಿಧಾನವಾಯಿತು! ಕರಗುತ್ತಿದ್ದ ತಾಮ್ರವೇ ಅವುಗಳಿಗೆ ವಿಷವಾಗಿತ್ತು. ತಾಮ್ರ ಕರಗುವುದು ನಿಂತಾಗ ವಿಷವೂ ನಿಂತಿತು. ನೌಕಾಪಡೆ ಆ ಪ್ರಯೋಗ ಕೈಬಿಟ್ಟಿತು. ಡೇವಿ ಲೆಕ್ಕದಲ್ಲಿ ತಪ್ಪಿರಲಿಲ್ಲ, ಲೋಹವನ್ನು ಅವರು ನಿಜವಾಗಿಯೂ ಉಳಿಸಿದ್ದರು. ಇವತ್ತು ಮುರ್ಮುಗೋವಾ ಬಂದರಿಗೆ ಬರುವ ಉಕ್ಕಿನ ಹಡಗುಗಳ ತಳದಿಂದ ಹಿಡಿದು ಸಮುದ್ರದಡಿಯ ಪೈಪುಗಳವರೆಗೆ ಅದೇ ಉಪಾಯ ನಡೆಯುತ್ತಿದೆ. ನಿಮ್ಮ ಬಚ್ಚಲಮನೆಯಲ್ಲೂ ಇರಬಹುದು. ನೀರು ತುಂಬಿಡುವ ಗೀಸರ್‌ನ ಟ್ಯಾಂಕಿನೊಳಗೆ ಸಾಮಾನ್ಯವಾಗಿ ಒಂದು ಮೆಗ್ನೀಸಿಯಂ ಕಡ್ಡಿ ಇರುತ್ತದೆ. ಅದು ಕರಗಿ ಮುಗಿದ ಮೇಲೆ ಟ್ಯಾಂಕ್ ಸೋರಲು ಶುರುವಾಗುತ್ತದೆ.

ಯಾವ ಲೋಹದ ಆನೋಡ್ ಹಾಕಬೇಕು? ನಮ್ಮ ಗೋವಾದಲ್ಲಿ ಈ ಪ್ರಶ್ನೆ ಉಳಿದ ಕಡೆಗಿಂತ ಮುಖ್ಯ. ಕಾರಣ ನಮ್ಮ ನದಿಗಳು. ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಇಲ್ಲಿ ಮಾಂಡೋವಿ. ಬೇಸಿಗೆಯಲ್ಲಿ ಪಣಜಿಯ ಹತ್ತಿರ ಅದರ ನೀರು ಬಹುತೇಕ ಸಮುದ್ರದ್ದೇ, ಬಾಯಿಗಿಟ್ಟರೆ ಕಹಿಯಾಗುವಷ್ಟು ಉಪ್ಪು. ಮಳೆಗಾಲದಲ್ಲಿ ಘಟ್ಟದ ನೀರು ಇಳಿದಾಗ ಅದೇ ಜಾಗದಲ್ಲಿ ಉಪ್ಪು ತುಂಬಾ ಕಡಿಮೆಯಾಗುತ್ತದೆ. ಜುವಾರಿಯ ಕಥೆಯೂ ಅದೇ. ದೋಣಿ ಒಂದೇ, ಕಟ್ಟುವ ಜಾಗ ಒಂದೇ, ನೀರು ಮಾತ್ರ ವರ್ಷದಲ್ಲಿ ಎರಡು ಥರ.

ಸತುವಿಗೆ ಇದು ಆಗಿಬರುವುದಿಲ್ಲ. ಪೂರ್ತಿ ಉಪ್ಪುನೀರಿನಲ್ಲಿ ಅದು ಒಳ್ಳೆ ಕೆಲಸಗಾರ. ಸಿಹಿನೀರಿನಲ್ಲಿ ಕೆಲವು ಕಾಲ ಕೂತರೆ ಅದರ ಮೇಲೆ ಗಟ್ಟಿಯಾದ ಬಿಳಿ ಪದರ ಬೆಳೆಯುತ್ತದೆ. ಆಮೇಲೆ ಸಮುದ್ರಕ್ಕೆ ಮರಳಿದರೂ ಆ ಪದರ ತಾನಾಗಿ ಬಿಡುವುದಿಲ್ಲ. ಜಿಂಕ್ ಇದೆ, ಕೆಲಸ ಇಲ್ಲ. ಆನೋಡಿನ ಅಲ್ಯೂಮಿನಿಯಂ ಹಾಗಲ್ಲ, ಉಪ್ಪುನೀರಿನಲ್ಲೂ ಉಪ್ಪು ಕಡಿಮೆಯಾದ ನದಿಮುಖದ ನೀರಿನಲ್ಲೂ ನಡೆಯುತ್ತದೆ. ಬಾಳಿಕೆಯೂ ಜಾಸ್ತಿ. 1 ಕಿಲೋ ಸತು ಸುಮಾರು 780 ಆಂಪಿಯರ್ ಗಂಟೆಯಷ್ಟು ವಿದ್ಯುತ್ ಕೊಡುತ್ತದೆ, 1 ಕಿಲೋ ಆನೋಡ್ ಅಲ್ಯೂಮಿನಿಯಂ 2500ರ ಹತ್ತಿರ. ಅಲ್ಯೂಮಿನಿಯಂ ಹಗುರ, ಆದ್ದರಿಂದ ಒಂದೇ ಅಳತೆಯ ಎರಡು ತುಂಡು ಹೋಲಿಸಿದರೆ ಅಂತರ ಇಷ್ಟು ದೊಡ್ಡದಲ್ಲ. ಆದರೂ ಅಲ್ಯೂಮಿನಿಯಂ ತುಂಡು ಐದರಲ್ಲೊಂದು ಪಾಲಿನಷ್ಟು ಹೆಚ್ಚು ಬಾಳುತ್ತದೆ. ನದಿಮುಖದಲ್ಲಿ ಕಟ್ಟುವ ದೋಣಿಗೆ ನಾನು ಹಾಕುವುದು ಅದನ್ನೇ.

ಇಲ್ಲಿ ಒಂದು ಅನುಮಾನ ಬರಬೇಕು. ಅಲ್ಯೂಮಿನಿಯಂ ಅಲ್ಯೂಮಿನಿಯಂ ಅನ್ನೇ ಹೇಗೆ ಕಾಪಾಡುತ್ತದೆ? ಗುಟ್ಟು ಬೆರಕೆಯಲ್ಲಿದೆ. ಆನೋಡಿನ ಅಲ್ಯೂಮಿನಿಯಂಗೆ ಸುಮಾರು 5% ಸತು ಮತ್ತು 0.02%ನಷ್ಟು ಇಂಡಿಯಂ ಅನ್ನುವ ಲೋಹ ಸೇರಿಸಿರುತ್ತಾರೆ. ಆ ಚಿಟಿಕೆ ಇಂಡಿಯಂ ಆಕ್ಸೈಡ್ ಪೊರೆ ಗಟ್ಟಿಯಾಗಿ ಕೂರಲು ಬಿಡುವುದಿಲ್ಲ. ಮೈ ಯಾವಾಗಲೂ ತೆರೆದೇ ಇರುತ್ತದೆ, ಕರಗಲು ತಯಾರಾಗಿರುತ್ತದೆ. ಅದಕ್ಕೇ ಗುಜರಿಯ ಹಳೇ ಪಾತ್ರೆ ಕರಗಿಸಿ ಎರಕ ಹೊಯ್ದ ತುಂಡು ಆನೋಡ್ ಆಗುವುದಿಲ್ಲ. ಅಗ್ಗದ ಸತುವಿನಲ್ಲೂ ಇದೇ ಮೋಸ. ಒಳ್ಳೆ ಸತು ಆನೋಡಿನಲ್ಲಿ ಕಬ್ಬಿಣದ ಅಂಶ 0.005% ಮೀರುವಂತಿಲ್ಲ. ಅದಕ್ಕಿಂತ ಜಾಸ್ತಿಯಾದರೆ ಮೇಲೆ ಪದರ ಕಟ್ಟಿ ಕೆಲಸ ನಿಲ್ಲಿಸುತ್ತದೆ. ಕಣ್ಣಿಗೆ ಎರಡೂ ಒಂದೇ ಥರದ ಬೂದು ತುಂಡು. ಇಂಜಿನ್ ಕಂಪನಿಯದ್ದೋ, ಮಿಶ್ರಲೋಹದ ದರ್ಜೆ ಬರೆದಿರುವಂಥದ್ದೋ ತೆಗೆದುಕೊಳ್ಳಿ. ಇಲ್ಲಿ ಉಳಿಸಿದ ದುಡ್ಡು ಉಳಿದ ದುಡ್ಡಲ್ಲ.

ಮೆಗ್ನೀಸಿಯಂ ಸಿಹಿನೀರಿನ ಕೆರೆ, ಜಲಾಶಯಗಳಿಗೆ. ಸಮುದ್ರದಲ್ಲಿ ಅದು ವಿಪರೀತ ಬೇಗ ಕರಗುತ್ತದೆ, ಅಷ್ಟೇ ಅಲ್ಲ, ಕಾಲಿನ ಮೇಲೆ ಕ್ಷಾರ ಹುಟ್ಟಿಸಿ ಬಣ್ಣ ಎಬ್ಬಿಸುತ್ತದೆ. ಒಂದೇ ಇಂಜಿನ್‌ನಲ್ಲಿ ಎರಡು ಲೋಹದ ಆನೋಡ್ ಬೆರೆಸಲೂ ಬೇಡಿ. ಕೊಡುಗೈ ಆದವನು ಕಾಲನ್ನು ಕಾಯುವುದರ ಜೊತೆಗೆ ಇನ್ನೊಂದು ಆನೋಡನ್ನೂ ಕಾಯುತ್ತಾ ಕೂರುತ್ತಾನೆ.

ಇಂಜಿನ್‌ನಲ್ಲಿ ಆನೋಡ್ ಎಲ್ಲೆಲ್ಲಿದೆ ಅಂತ ಕೇಳಿದರೆ ಹೆಚ್ಚಿನವರು ಒಂದನ್ನು ತೋರಿಸುತ್ತಾರೆ. ಪ್ರೊಪೆಲ್ಲರ್ ಮೇಲಿನ ಹಲಗೆಯ ಅಡಿಯಲ್ಲಿ ಮೀನಿನ ರೆಕ್ಕೆಯ ಹಾಗೆ ಇಳಿಬಿದ್ದಿರುವ ಟ್ರಿಮ್ ಟ್ಯಾಬ್. ಸ್ಟಿಯರಿಂಗ್ ಒಂದೇ ಕಡೆ ಎಳೆಯದಂತೆ ನೋಡಿಕೊಳ್ಳುವುದೂ ಅದರದೇ ಕೆಲಸ. ಬಿಚ್ಚುವ ಮೊದಲು ಅದು ಯಾವ ಕೋನದಲ್ಲಿದೆ ಅಂತ ಗುರುತು ಹಾಕಿಕೊಳ್ಳಿ. ಇಲ್ಲದಿದ್ದರೆ ಆಮೇಲೆ ದೋಣಿ ಎಡಕ್ಕೋ ಬಲಕ್ಕೋ ಜಗ್ಗುತ್ತದೆ. ಎರಡನೆಯದು ಬ್ರಾಕೆಟ್ಟಿನ ತಳದಲ್ಲಿ, ಉದ್ದನೆಯ ಪಟ್ಟಿ. ಮೂರನೆಯದನ್ನು ಮರೆಯುವವರೇ ಜಾಸ್ತಿ. ಬಹಳಷ್ಟು ಇಂಜಿನ್ನುಗಳಲ್ಲಿ ಸಿಲಿಂಡರ್ ಬ್ಲಾಕಿನೊಳಗೆ, ತಣ್ಣೀರು ಹರಿಯುವ ದಾರಿಯಲ್ಲಿ, ಸಣ್ಣ ಮುಚ್ಚಳಗಳ ಹಿಂದೆ ಬೆರಳುದ್ದದ ತುಂಡುಗಳಿರುತ್ತವೆ. ಹೊರಗಿನ ಜಿಂಕ್ ಕಾಲನ್ನು ಕಾಯುತ್ತದೆ, ಬ್ಲಾಕಿನ ಒಳಗಿನ ನೀರಿನ ದಾರಿಗೆ ಅದರ ಕಾವಲು ಮುಟ್ಟುವುದಿಲ್ಲ. ಬೈನಾದ ಆ ಅಣ್ಣನ ಇಂಜಿನ್ ಬಿಸಿಯಾಗುತ್ತಿದ್ದದ್ದು ಇಲ್ಲಿಂದಲೇ. ಮುಚ್ಚಳ ಬಿಚ್ಚಿದಾಗ ಒಳಗಿನ ಆನೋಡ್ ಇದ್ದ ಜಾಗದಲ್ಲಿ ಬೋಲ್ಟ್ ಮಾತ್ರ ಇತ್ತು. ದಾರಿಯ ತುಂಬ ಬಿಳಿ ಪುಡಿ ಮತ್ತು ಉಪ್ಪು ಗಟ್ಟಿಯಾಗಿ ಕೂತಿತ್ತು.

ಹೊಸ ಆನೋಡ್ ಹಾಕುವಾಗ ಲೋಹಕ್ಕೆ ಲೋಹ ತಾಗಬೇಕು. ಕೂರುವ ಜಾಗದ ಬಣ್ಣ, ಪುಡಿ, ಗ್ರೀಸ್ ಎಲ್ಲ ಉಜ್ಜಿ ಹೊಳೆಯುವಂತೆ ಮಾಡಿ. ಬೋಲ್ಟಿನ ಎಳೆಗೆ ತೆಳುವಾಗಿ ಮರೈನ್ ಗ್ರೀಸ್ ಹಚ್ಚಿ, ಇಲ್ಲದಿದ್ದರೆ ಸ್ಟೇನ್‌ಲೆಸ್ ಬೋಲ್ಟ್ ಅಲ್ಯೂಮಿನಿಯಂನಲ್ಲಿ ಕಚ್ಚಿಕೊಂಡು ಮುಂದಿನ ಸಲ ಮುರಿಯುತ್ತದೆ. ಆನೋಡಿನ ಬೆನ್ನಿಗೆ ಮಾತ್ರ ಗ್ರೀಸ್ ಬೇಡ. ಗ್ರಾಫೈಟ್ ಬೆರೆತ ಗ್ರೀಸ್ ಅಂತೂ ಎಲ್ಲೂ ಬೇಡ, ಗ್ರಾಫೈಟ್ ಆ ಸಾಲಿನಲ್ಲಿ ಸ್ಟೇನ್‌ಲೆಸ್‌ಗಿಂತಲೂ ಆಚೆ ತುದಿಯಲ್ಲಿದೆ. ಬಿಗಿ ಮಾಡಿದ ಮೇಲೆ ಮಲ್ಟಿಮೀಟರಿನ ಒಂದು ಕಡ್ಡಿ ಆನೋಡಿಗೆ, ಇನ್ನೊಂದು ಕಾಲಿನ ಬರಿ ಲೋಹಕ್ಕೆ ಇಟ್ಟು ನೋಡಿ. 1 ಓಮ್‌ಗಿಂತ ಕಡಿಮೆ, ಸೊನ್ನೆಯ ಹತ್ತಿರ ಬರಬೇಕು. ಕಾಲು, ಬ್ರಾಕೆಟ್ ನಡುವೆ ಸಣ್ಣ ಸಣ್ಣ ವೈರುಗಳು ಕಂಡರೆ ಕತ್ತರಿಸಬೇಡಿ. ಇಂಜಿನ್ನಿನ ಭಾಗಗಳನ್ನು ಆನೋಡಿಗೆ ಜೋಡಿಸುವ ಸೇತುವೆ ಅವು.

ಬಣ್ಣದ ವಿಷಯ ಮೇಲೆಯೇ ಬಂತು. ಇನ್ನೊಂದು ಸೇರಿಸುತ್ತೇನೆ. ಚಿಪ್ಪು ಹಿಡಿಯದಿರಲಿ ಅಂತ ದೋಣಿಯ ತಳಕ್ಕೆ ಹೊಡೆಯುವ ತಾಮ್ರದ ಬಣ್ಣವನ್ನು ಇಂಜಿನ್ ಕಾಲಿಗೆ ಹೊಡೆಯಬೇಡಿ. ಅಲ್ಯೂಮಿನಿಯಂ ಮೇಲೆ ತಾಮ್ರ ಸವರುವುದು ಅಂದರೆ ಬ್ಯಾಟರಿಯನ್ನು ಕೈಯಾರೆ ಕಟ್ಟಿದ ಹಾಗೆ.

ಆನೋಡಿಗೆ ಒಂದು ಮಿತಿ ಇದೆ, ಇದನ್ನು ಗಟ್ಟಿಯಾಗಿ ಹೇಳಬೇಕು. ಅದು ನೀರಿನಲ್ಲಿ ಮುಳುಗಿದ್ದಾಗ ಮಾತ್ರ ಕೆಲಸ ಮಾಡುತ್ತದೆ. ಆನೋಡ್, ಕಾಲು, ಎರಡರ ನಡುವೆ ನೀರು, ಈ ಮೂರೂ ಸೇರಿದರೇ ಸರ್ಕೀಟು. ಇಂಜಿನ್ ಮೇಲಕ್ಕೆತ್ತಿದ ಕೂಡಲೇ ಅದು ಕಡಿದುಹೋಗುತ್ತದೆ, ಆದರೆ ಉಪ್ಪು ಅಲ್ಲೇ ಉಳಿದಿರುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಮೀನುಗಾರಿಕೆ ನಿಷೇಧ. ಮೀನುದೋಣಿಗಳ ಇಂಜಿನ್ ಬಿಚ್ಚಿ ಶೆಡ್ಡಿನಲ್ಲಿಡುತ್ತಾರೆ, ಪ್ರವಾಸಿ ದೋಣಿಯವರೂ ಮಳೆಗಾಲಕ್ಕೆ ಹಾಗೇ ಮಾಡುತ್ತಾರೆ. ನೀರಿನಿಂದ ಹೊರಗಿದೆಯಲ್ಲ, ಸುರಕ್ಷಿತ ಅನ್ನುವ ಭಾವನೆ. ಮಳೆಗಾಲದಲ್ಲಿ ಮನೆಯ ಉಪ್ಪಿನ ಡಬ್ಬಿ ಏನಾಗುತ್ತದೆ ನೆನಪಿಸಿಕೊಳ್ಳಿ. ಗಾಳಿಯ ತೇವ ಹೀರಿ ಒದ್ದೆಮುದ್ದೆ ಆಗುತ್ತದೆ, ಅಲ್ವಾ? ಇಂಜಿನ್ ಒಳಗೆ ಉಳಿದ ಉಪ್ಪೂ ಹಾಗೆಯೇ ಕರಗಿ ಲೋಹದ ಮೇಲೆ ತೆಳು ಪೊರೆಯಾಗಿ ಕೂರುತ್ತದೆ. ಆನೋಡ್ ಇಲ್ಲದ, ಯಾರೂ ನೋಡದ ಎರಡು ತಿಂಗಳು. ಉಪ್ಪುಗಾಳಿಯೂ ತೇವವೂ ಸೇರಿದರೆ ಏನಾಗುತ್ತದೆ ಅಂತ ಪಣಜಿಯವರಿಗೆ ಹೇಳಬೇಕಾಗಿಲ್ಲ. 1986ರ ಜುಲೈ 5ರಂದು ಮಾಂಡೋವಿಯ ಹಳೇ ಸೇತುವೆ ಕುಸಿದುಬಿದ್ದದ್ದಕ್ಕೆ ಕಾಂಕ್ರೀಟಿನ ಒಳಗಿನ ಉಕ್ಕಿನ ತಂತಿಗಳು ತುಕ್ಕು ತಿಂದದ್ದೇ ಕಾರಣವಾಗಿತ್ತು.

ಹಾಗಾಗಿ ಪ್ರತಿ ಸಲ ದಡಕ್ಕೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ. ಮಳೆಗಾಲಕ್ಕೆ ಇಡುವ ಮುನ್ನವಂತೂ ತಪ್ಪಿಸಬೇಡಿ. ಕಾಲಿನ ಎರಡೂ ಬದಿಯ ನೀರಿನ ಜಾಲರಿಗೆ ರಬ್ಬರ್ ಕಿವಿ (ಜಾಲರಿಗೆ ಅಂಟಿ ಕೂತು ಪೈಪಿನ ನೀರನ್ನು ಒಳಗೆ ಬಿಡುವ ಬಟ್ಟಲು) ಹಾಕಿ, ನಲ್ಲಿ ಪೈಪ್ ಜೋಡಿಸಿ, ನೀರು ಬಿಟ್ಟ ಮೇಲೆ ಇಂಜಿನ್ ಚಾಲೂ ಮಾಡಿ. ಪ್ರೊಪೆಲ್ಲರ್ ಹತ್ತಿರ ಯಾರೂ ಇರಬಾರದು, ಬಿಚ್ಚಿಟ್ಟರೆ ಇನ್ನೂ ಒಳ್ಳೆಯದು. ನಿಧಾನದ ವೇಗದಲ್ಲಿ 10ರಿಂದ 15 ನಿಮಿಷ. ಇಂಜಿನ್ ಬೆಚ್ಚಗಾಗಿ ಥರ್ಮೋಸ್ಟಾಟ್, ಅಂದರೆ ಬಿಸಿಗೆ ತೆರೆಯುವ ನೀರಿನ ಬಾಗಿಲು, ತೆರೆದರೆ ತಾನೇ ಬ್ಲಾಕಿನ ಒಳಗಿನ ಉಪ್ಪು ಹೋಗುವುದು. ನೀರಿಲ್ಲದೆ ಕೆಲವೇ ಸೆಕೆಂಡು ಓಡಿಸಿದರೂ ಪಂಪಿನೊಳಗಿನ ರಬ್ಬರ್ ಚಕ್ರ ಸುಟ್ಟುಹೋಗಬಹುದು. ಇಂಜಿನ್ನಿನಲ್ಲೇ ತೊಳೆಯುವ ಕನೆಕ್ಷನ್ ಕೊಟ್ಟಿದ್ದರೆ ಸಾಮಾನ್ಯವಾಗಿ ಅದನ್ನು ಇಂಜಿನ್ ಬಂದ್ ಇಟ್ಟೇ ಬಳಸಬೇಕು, ಜೊತೆಗೆ ಬಂದ ಪುಸ್ತಕ ನೋಡಿಕೊಳ್ಳಿ.

ಎಷ್ಟು ದಿನಕ್ಕೆ ಬದಲಾಯಿಸಬೇಕು ಅಂತ ಎಲ್ಲರೂ ಕೇಳುತ್ತಾರೆ. ದಿನದ ಲೆಕ್ಕ ಇಲ್ಲ, ಸವೆತದ ಲೆಕ್ಕ. ಅರ್ಧಕ್ಕೆ ಬರುವ ಮೊದಲು ತೆಗೆಯಿರಿ. ಕಣ್ಣಂದಾಜು ಮೋಸ ಮಾಡುತ್ತದೆ, ಏಕೆಂದರೆ ಆನೋಡ್ ಸ್ಪಂಜಿನಂತೆ ಒಳಗೊಳಗೇ ಟೊಳ್ಳಾಗುತ್ತದೆ. ಹೊಸದನ್ನು ಹಾಕುವ ಮೊದಲು ತೂಕ ಮಾಡಿ, ಆ ತೂಕವನ್ನೂ ತಾರೀಕನ್ನೂ ಇಂಜಿನ್ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಕಿರಾಣಿ ಅಂಗಡಿಯ ತಕ್ಕಡಿ ಸಾಕು. ಸ್ಟೇನ್‌ಲೆಸ್ ಪ್ರೊಪೆಲ್ಲರ್ ಇದ್ದರೆ ಬೇಗ ಸವೆಯುತ್ತದೆ, ಅದು ಸಹಜ. ಹೊಸ ಆನೋಡ್ ಮೂರ್ನಾಲ್ಕು ವಾರದಲ್ಲೇ ಮಾಯವಾದರೆ ಮಾತ್ರ ಇನ್ನೊಂದನ್ನು ತಂದು ಹಾಕಿ ಸುಮ್ಮನಾಗಬೇಡಿ. ಬ್ಯಾಟರಿಯ ಕರೆಂಟ್ ಎಲ್ಲೋ ನೀರಿಗೆ ಸೋರುತ್ತಿರಬಹುದು. ದೋಣಿಯ ತಳದ ನೀರೆತ್ತುವ ಪಂಪಿನ ವೈರು ಸುಲಿದಿದೆಯಾ, ಜಾಯಿಂಟು ನೀರಿನಲ್ಲಿ ಮುಳುಗಿದೆಯಾ ಅಂತ ಮೊದಲು ಹುಡುಕಿ. ಹಾಗೆ ಸೋರುವ ಕರೆಂಟಿನ ಮುಂದೆ ಯಾವ ಆನೋಡೂ ನಿಲ್ಲುವುದಿಲ್ಲ.

ಬೈನಾದ ಅಣ್ಣನ ಗೇರ್‌ಕೇಸ್ ಉಳಿಸಲಾಗಲಿಲ್ಲ, ಬೇರೆಯದನ್ನು ಹಾಕಬೇಕಾಯಿತು. ಬ್ಲಾಕ್ ಉಳಿಯಿತು. ಅಲ್ಯೂಮಿನಿಯಂ ಟ್ರಿಮ್ ಟ್ಯಾಬ್ ಹಾಕುವಾಗ ಅವರ ಕಣ್ಣೆದುರೇ ತೂಗಿದೆ, 240 ಗ್ರಾಂ. ಬರೆದಿಟ್ಟೆವು. ಜನವರಿಯಲ್ಲಿ ಅವರು ಅದನ್ನು ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬಂದರು. ಮೈಯೆಲ್ಲ ಗುಳಿ, ಅಂಚು ಇಲಿ ಕಡಿದಂತೆ. ತಕ್ಕಡಿಯಲ್ಲಿಟ್ಟರೆ 170.

"ಒಗೀಲೇನ್ರಿ ಇದನ್ನ?" ಅಂದರು.

"ಇನ್ನೂ ಎರಡು ತಿಂಗಳು ದುಡೀತದೆ ಅಣ್ಣ" ಅಂದೆ. ಮರಳು ಕಾಗದದಲ್ಲಿ ಉಜ್ಜಿ, ಬೋಲ್ಟಿಗೆ ಗ್ರೀಸ್ ಹಚ್ಚಿ ಕೊಟ್ಟೆ. ಅದನ್ನು ಅವರೇ ಹಾಕಿಕೊಂಡರು, ಕೂರುವ ಜಾಗದ ಲೋಹ ಹೊಳೆಯುವವರೆಗೆ ಉಜ್ಜಿದ ಮೇಲೆ.